ಓಡೋ ಹಿಡಿದದ್ದು ಗದೆಯೋ, ಕೋಲೋ? ಜೊತೆಗೆ ‘ಮಲತಮ್ಮ’ನ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಬೇಯೂ ಕಸೂತಿಯ ಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಸೀಮೆಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆ ಅದು. ಹತ್ತಿರಹತ್ತಿರ 70 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಲಿನನ್ ಬಟ್ಟೆ. ಅದರ ಮೇಲೆ ಉಣ್ಣೆ ನೂಲಿನ ಕೆಲಸ. ಇಂಗ್ಲಿಷಿನವರು ಟ್ಯಾಪೆಸ್ಟ್ರಿ ಅನ್ನುತ್ತಾರೆ. ಆದರೆ ಅದು ಮಗ್ಗದಲ್ಲಿ ನೇಯ್ದದ್ದಲ್ಲ, ಸೂಜಿಯಿಂದ ಹಾಕಿದ್ದು. ಹಾಗಾಗಿ ನಮ್ಮ ‘ಕಸೂತಿ’ಯೇ ಸರಿಯಾದ ಪದ, ಇದರಲ್ಲಿ ನನಗೆ ಅನುಮಾನ ಇಲ್ಲ.

ನಾನು ಸಿಕ್ಕಿಕೊಂಡಿರುವುದು ವಿಲಿಯಂ ಗೆದ್ದ ಹೇಸ್ಟಿಂಗ್ಸ್ ಕಾಳಗದ ಒಂದು ಚಿತ್ರದಲ್ಲಿ. ಬೇಯೂ ಊರಿನ ಬಿಷಪ್ ಓಡೋ ಕುದುರೆಯ ಮೇಲಿದ್ದಾನೆ. ಕೈಯಲ್ಲಿ ಕತ್ತಿ ಇಲ್ಲ, ಈಟಿ ಇಲ್ಲ. ತುದಿ ದಪ್ಪಗಿರುವ ಒಂದು ಮರದ ತುಂಡು ಇದೆ. ಮೇಲೆ ಲ್ಯಾಟಿನ್‌ನಲ್ಲಿ ಏಳೇ ಪದ: ‘ಹಿಕ್ ಓಡೋ ಎಪಿಸ್ಕೊಪುಸ್ ಬಾಕುಲುಂ ತೆನೆನ್ಸ್ ಕೊನ್ಫೊರ್ತಾತ್ ಪುಎರೋಸ್’. ‘ಇಲ್ಲಿ ಬಿಷಪ್ ಓಡೋ ಬಾಕುಲುಂ ಹಿಡಿದು ಹುಡುಗರಿಗೆ ಬಲ ತುಂಬುತ್ತಾನೆ’ ಅಂತ.

‘ಪುಎರೋಸ್’ ಅಂದರೆ ಹುಡುಗರು. ಇಲ್ಲಿ ಎಳೆಯ ಸವಾರರು. ಕನ್ನಡದಲ್ಲಿ ಇದಕ್ಕೆ ಏನೂ ಕಷ್ಟಪಡಬೇಕಿಲ್ಲ. ತನ್ನ ಕೈಕೆಳಗಿನವರನ್ನು ‘ನಮ್ಮ ಹುಡುಗರು’ ಅನ್ನೋದು ನಮ್ಮಲ್ಲೂ ರೂಢಿ ಅಲ್ವಾ? ‘ಕೊನ್ಫೊರ್ತಾತ್’ ನೋಡಿದ ಕೂಡಲೇ ಇಂಗ್ಲಿಷಿನ ಕಂಫರ್ಟ್ ನೆನಪಾಗುತ್ತದೆ. ನಾನೂ ಮೊದಲು ‘ಸಮಾಧಾನ ಹೇಳುತ್ತಾನೆ’ ಅಂತ ಬರೆದಿದ್ದೆ. ಅದು ತಪ್ಪು. ಗಟ್ಟಿ, ಬಲ ಅನ್ನುವ ಅರ್ಥದ ಫೊರ್ತಿಸ್‌ನಿಂದ ಬಂದ ಪದ ಅದು. ‘ಹುರಿದುಂಬಿಸುತ್ತಾನೆ’ ಅಂತ ತಿದ್ದಿದ್ದೇನೆ.

ಉಳಿದದ್ದು ಬಾಕುಲುಂ, ಅಂದರೆ ಅವನ ಕೈಯಲ್ಲಿರುವ ಆ ಕೋಲು. ಪಾದ್ರಿಗಳು ರಕ್ತ ಹರಿಸಬಾರದು, ಅದಕ್ಕೇ ಓಡೋ ಕತ್ತಿ ಬಿಟ್ಟು ಗದೆ ಹಿಡಿದ ಎಂದು ತುಂಬಾ ಕಡೆ ಬರೆದಿರುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅದೇ ಕಾಳಗದಲ್ಲಿ ವಿಲಿಯಂ ಶಿರಸ್ತ್ರಾಣ ಎತ್ತಿ ಮುಖ ತೋರಿಸುತ್ತಾನಲ್ಲ, ಅವನ ಕೈಯಲ್ಲೂ ಇಂಥದೇ ಕೋಲಿದೆ. ಅವನೇನು ಪಾದ್ರಿಯಲ್ಲ. ಇದು ಹೊಡೆಯುವ ಆಯುಧಕ್ಕಿಂತ ಜಾಸ್ತಿ ಅಧಿಕಾರದ ಗುರುತು ಅನ್ನಿಸುತ್ತದೆ. ಬಿಷಪರು ಹಿಡಿಯುವ ಉದ್ದನೆ ಕೋಲಿಗೂ ಲ್ಯಾಟಿನ್‌ನಲ್ಲಿ ಇದೇ ಪದ.

‘ಗದೆ’ ಅಂದರೆ ಓದುವವರ ಕಣ್ಣಿಗೆ ಭೀಮ ಬರುತ್ತಾನೆ. ‘ದೊಣ್ಣೆ’ ಅಂದರೆ ಬೀದಿ ಜಗಳ. ‘ಬೆತ್ತ’ ಅಂದರೆ ಮೇಷ್ಟ್ರು. ‘ದಂಡ’ ನನಗೆ ಇಷ್ಟ. ಅದರಲ್ಲಿ ಕೋಲೂ ಇದೆ, ಶಿಕ್ಷೆಯೂ ಇದೆ, ದಂಡನಾಯಕನ ದಂಡೂ ಇದೆ. ಆದರೆ ಈಗಿನವರಿಗೆ ಮೊದಲು ಹೊಳೆಯುವುದು ಪೊಲೀಸರು ಹಾಕುವ ದಂಡ. ಸದ್ಯಕ್ಕೆ ಸುಮ್ನೆ ‘ಕೋಲು’ ಅಂತ ಇಟ್ಟಿದ್ದೇನೆ.

ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ಓಡೋ ಬೇಯೂ ಬಿಷಪ್ ಆಗಿದ್ದುಕೊಂಡೇ 1067ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಅರ್ಲ್ ಆದ, ಅಂದರೆ ರಾಜನ ಕೈಕೆಳಗೆ ಆ ಸೀಮೆ ನೋಡಿಕೊಳ್ಳುವ ದೊರೆ. ಇಂಗ್ಲೆಂಡಿನಲ್ಲಿ ರಾಜನ ನಂತರ ಅವನಷ್ಟು ಭೂಮಿ ಇದ್ದವರು ಇಲ್ಲವೇ ಇಲ್ಲ ಅನ್ನುವಷ್ಟು ಬೆಳೆದ. 1082ರಲ್ಲಿ ವಿಲಿಯಂ ಅವನನ್ನು ಸೆರೆಹಿಡಿದ. ಬಿಷಪ್ಪನನ್ನು ರಾಜ ಮುಟ್ಟುವ ಹಾಗಿರಲಿಲ್ಲ. ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್, ನೀನು ಹಿಡಿಯುವುದು ಬಿಷಪ್ಪನನ್ನಲ್ಲ, ಕೆಂಟ್‌ನ ಅರ್ಲ್‌ನನ್ನು ಎಂದು ದಾರಿ ತೋರಿಸಿದನಂತೆ. ಮಾಲ್ಮ್ಸ್‌ಬರಿಯ ವಿಲಿಯಂ ಎಂಬ ಚರಿತ್ರೆಕಾರ ಬರೆದಿಟ್ಟ ಕಥೆ ಇದು. 1087ರಲ್ಲಿ ರಾಜ ಸಾಯುವ ಹೊತ್ತಿನವರೆಗೂ ಓಡೋ ಸೆರೆಯಲ್ಲೇ ಇದ್ದ. ಇಡೀ ಮಾತು ನಿಂತಿರುವುದು ಎರಡು ಪದವಿಯ ಹೆಸರುಗಳ ಮೇಲೆ. ಹಾಗಾಗಿ ‘ಧರ್ಮಗುರು’, ‘ಮಾಂಡಲಿಕ’ ಅಂತ ಹತ್ತಿರದ ಪದ ಹಾಕಿದರೆ ಆ ಚೂಪು ಹೋಗುತ್ತದೆ. ಬಿಷಪ್, ಅರ್ಲ್ ಎಂದೇ ಉಳಿಸಿಕೊಂಡಿದ್ದೇನೆ. ಕಥೋಲಿಕರು ಬಳಸುವ ‘ಧರ್ಮಾಧ್ಯಕ್ಷ’ ಒಳ್ಳೆಯ ಪದವೇ. ಆದರೆ ಕಸೂತಿಯ ಆ ಸವಾರನಿಗೆ ಅದು ಹೊಂದುತ್ತಿಲ್ಲ.

ಇನ್ನೊಂದು ಪ್ರಶ್ನೆ, ನನಗೆ ಇದೇ ಜಾಸ್ತಿ ಮುಖ್ಯ. ವಿಲಿಯಂ ಮತ್ತು ಓಡೋಗೆ ತಾಯಿ ಒಬ್ಬಳೇ, ಹೆರ್ಲೇವಾ. ವಿಲಿಯಂನ ತಂದೆ ಡ್ಯೂಕ್ ರಾಬರ್ಟ್, ಓಡೋನ ತಂದೆ ಕಾಂತವಿಲ್‌ನ ಹೆರ್ಲುವಿನ್. ‘ಮಲತಮ್ಮ’ ಅಂತ ಬರೆದರೆ ಕನ್ನಡದ ಕಿವಿಗೆ ಮಲತಾಯಿಯ ಮಗ ಅಂತಲೇ ಕೇಳಿಸುತ್ತದೆ. ಅಂದರೆ ಅಪ್ಪ ಒಬ್ಬ, ಅಮ್ಮಂದಿರು ಬೇರೆ. ಇಲ್ಲಿ ಪೂರ್ತಿ ತಿರುವುಮುರುವು. ‘ಸಹೋದರ’ದ ಮೂಲ ಅರ್ಥ ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ಆ ಲೆಕ್ಕದಲ್ಲಿ ಓಡೋ ವಿಲಿಯಂನ ಸಹೋದರನೇ! ಆದರೆ ಹಾಗಷ್ಟೇ ಬರೆದರೆ ಅಪ್ಪ ಬೇರೆ ಅನ್ನುವುದು ಮುಚ್ಚಿಹೋಗುತ್ತದೆ. ಓಡೋಗೆ ಡ್ಯೂಕ್ ಪಟ್ಟದ ಮೇಲೆ ಹಕ್ಕೇ ಇರಲಿಲ್ಲ ಅನ್ನುವುದು ಓದುವವರಿಗೆ ಗೊತ್ತಾಗಬೇಕಲ್ಲ.

ತಾಯಿ ಒಬ್ಬಳೇ, ತಂದೆ ಬೇರೆ ಆದ ತಮ್ಮನಿಗೆ ನಿಮ್ಮ ಕಡೆ ಏನು ಹೇಳುತ್ತಾರೆ? ಮನೆಯಲ್ಲಿ, ಊರಲ್ಲಿ ಹಿರಿಯರು ಬಳಸಿದ ಪದ ಇದ್ದರೆ ದಯವಿಟ್ಟು ತಿಳಿಸಿ. ಯಾವ ಸೀಮೆಯ ಮಾತು ಅನ್ನುವುದನ್ನೂ ಬರೆಯಿರಿ.