ಐದು ವರ್ಷದಲ್ಲಿ 5 ಟನ್ ಮಿಡಿ ಉಪ್ಪಿನಕಾಯಿ ಅಂದರೆ ಮನೆಯಲ್ಲಿ ನಗುತ್ತಾರೆ. ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಮಿಡಿಗಾಯಿ, ಶಿರಸಿ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶಿರಸಿಯಿಂದ ಹುಲೇಕಲ್ ದಾರಿಯಲ್ಲಿ ಒಂದು ಹಳ್ಳಿ. ಒಂದೂಕಾಲು ಎಕರೆ ಅಡಿಕೆ ತೋಟ. ಮದುವೆಯಾಗಿ ಬಂದ ವರ್ಷದಿಂದ ಅತ್ತೆಯ ಜೊತೆ ಅಪ್ಪೆಮಿಡಿ, ಅಂದರೆ ಪರಿಮಳದ ಎಳೇ ಮಾವಿನಕಾಯಿಯ, ಉಪ್ಪಿನಕಾಯಿ ಹಾಕುತ್ತಾ ಬಂದಿದ್ದೇನೆ. ಮೊದಲು ಮನೆ ಖರ್ಚಿಗೆ. ಆಮೇಲೆ ನೆಂಟರಿಗೆ. ಆಮೇಲೆ ನೆಂಟರ ಆಫೀಸಿನವರಿಗೆ. ಕಳೆದ ವರ್ಷ ಮಾರಿದ್ದು 180 ಕೆಜಿ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ನಮ್ಮ ಡಬ್ಬ ಹೋಗದ ವಾರ ಇರಲಿಲ್ಲ. ಆಗಸ್ಟ್‌ಗೆ ಭರಣಿ ಖಾಲಿ, ಫೋನ್ ಮಾತ್ರ ಬರುತ್ತಲೇ ಇತ್ತು.

ದೀಪಾವಳಿ ಮುಗಿದ ಮೇಲೆ ಒಂದು ರಾತ್ರಿ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ: ಐದು ವರ್ಷ, 5 ಟನ್. ಅಷ್ಟಾದರೆ ಊರಿನ ಇಬ್ಬರು ಹೆಂಗಸರಿಗೆ ವರ್ಷಪೂರ್ತಿ ಕೆಲಸ ಕೊಡಬಹುದು. ನಮಗೂ ತೋಟ ಒಂದನ್ನೇ ನಂಬಿ ಕೂರುವುದು ತಪ್ಪುತ್ತದೆ. ಅಡಿಕೆಗೆ ಕೊಳೆ ರೋಗ ಮೊದಲಿನಿಂದಲೂ ಇತ್ತು, ಈಗ ಎಲೆಚುಕ್ಕಿ ರೋಗ ಬೇರೆ ಸೇರಿಕೊಂಡಿದೆ. ನಿಮಗೆ ಹೇಳಬೇಕಾ ಅದನ್ನೆಲ್ಲ.

ಲೆಕ್ಕ ಹೀಗೆ ಹಾಕಿದೆ. ಮೊದಲ ವರ್ಷ 400 ಕೆಜಿ, ಆಮೇಲೆ 900, 1,800, 3,200, ಐದನೇ ವರ್ಷ 5,000. ಮೊದಲ ಕೆಲಸ ಮನೆ ಪಕ್ಕ ಒಂದು ಶೆಡ್. ಆಮೇಲೆ ದೊಡ್ಡ ಗ್ರೈಂಡರ್, ಬಾಟಲಿ ಸೀಲ್ ಮಾಡುವ ಮಷಿನ್, ಚಂದದ ಲೇಬಲ್. 6 ಲಕ್ಷ ಸಾಲ.

ಊಟಕ್ಕೆ ಕೂತಾಗ ಹೇಳಿದೆ. ಮಾವ ನಕ್ಕು, "ನಿಂಗೆಂತ ಮಳ್ಳನೇ?" ಅಂದರು. ಅತ್ತೆ ಸುಮ್ಮನಿದ್ದರು. ನಮ್ಮನೆಯವರು ಕೈ ತೊಳೆದು ಕೊಟ್ಟಿಗೆ ಕಡೆ ಹೋದರು. ಉತ್ತರ ಕೊಡಬೇಕಾದಾಗಲೆಲ್ಲ ಅವರಿಗೆ ಎಮ್ಮೆಯ ನೆನಪಾಗುತ್ತದೆ.

ದೊಡ್ಡ ಗುರಿ ಇಟ್ಟುಕೊಂಡಿದ್ದೇ ತಪ್ಪಾ? ಅಥವಾ ಪ್ಲಾನ್ ತಪ್ಪಾ? ಸುಮ್ನೆ "ಒಳ್ಳೆಯದಾಗಲಿ" ಅನ್ನಬೇಡಿ. ತಪ್ಪು ಹುಡುಕಿ ಕೊಡಿ.

ಕಡಲ ಕಾಗೆ, ಅಂಕೋಲಾ:

ಅಕ್ಕಾ, 5 ಟನ್ ಉಪ್ಪಿನಕಾಯಿ ಅಂದರೆ ಇಡೀ ತಾಲೂಕಿಗೆ ಬಿಪಿ. ತಮಾಷೆ, ಸಿಟ್ಟಾಗಬೇಡಿ.

ಸಾಲ ಮಾಡುವುದಾದರೆ ಪಿಎಂಎಫ್‌ಎಂಇ ಯೋಜನೆ ಈಗಲೂ ಇದೆಯಾ ಅಂತ ವಿಚಾರಿಸಿ. 2020ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಇಂಥ ಸಣ್ಣ ಆಹಾರ ಘಟಕಗಳಿಗಾಗಿಯೇ. ಬ್ಯಾಂಕ್ ಸಾಲಕ್ಕೆ ಜೋಡಿಸಿ ಶೇ 35 ಸಹಾಯಧನ, 10 ಲಕ್ಷದ ಮಿತಿ ಇತ್ತು. ಆದರೆ ಸಬ್ಸಿಡಿ ಇದೆ ಅಂತ ಮಷಿನ್ ದೊಡ್ಡದು ತರಬೇಡಿ. ನಮ್ಮ ಭಾವ ಹಾಗೆ ಮಾಡಿ, ಈಗ ಆ ಹಿಟ್ಟಿನ ಗಿರಣಿಯ ಮೇಲೆ ಕೋಳಿ ಮಲಗುತ್ತದೆ.

ಸ್ಟಾಫ್ ಹಿಡಿದವ, ಹೊನ್ನಾವರ:

ತಂಗಿ, ನನಗೆ 60 ದಾಟಿತು. ಕೊಂಕಣ ರೈಲ್ವೆ ಕೆಲಸ ನಡೆಯುವಾಗ ಮೂರು ವರ್ಷ ಸರ್ವೆಯವರ ಜೊತೆ ಸ್ಟಾಫ್ ಹಿಡಿದವನು ನಾನು. ಸ್ಟಾಫ್ ಅಂದರೆ ಅಳತೆ ಬರೆದ ಉದ್ದನೆಯ ಪಟ್ಟಿ. ಇಂಜಿನಿಯರ್ ದೂರದಿಂದ ದುರ್ಬೀನಿನಲ್ಲಿ ನೋಡಿ ಎತ್ತರ ಬರೆದುಕೊಳ್ಳುತ್ತಾರೆ. ನಾನು ಬಿಸಿಲಲ್ಲಿ ಕಂಬದ ಹಾಗೆ ನಿಲ್ಲುವುದು, ಅಷ್ಟೇ. ಆದರೆ ನಿಂತವನಿಗೆ ಕಿವಿ ಇರುತ್ತದೆ ಅಲ್ವಾ.

ಅಷ್ಟು ದೊಡ್ಡ ಗುರಿ ನಾನು ಮತ್ತೆ ನೋಡಿಲ್ಲ. 1990ರಲ್ಲಿ ಕಂಪನಿ ಶುರುವಾಯಿತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನ ತನಕ ಸುಮಾರು 740 ಕಿಮೀ. ಒಂದು ಕಡೆ ಘಟ್ಟ, ಒಂದು ಕಡೆ ಕಡಲು, ನಡುವೆ ಲೆಕ್ಕವಿಲ್ಲದಷ್ಟು ಹೊಳೆ ಹಳ್ಳ. ಐದು ವರ್ಷದಲ್ಲಿ ರೈಲು ಅಂದರು. ನಮ್ಮೂರಲ್ಲಿ ನಕ್ಕವರೇ ಜಾಸ್ತಿ. ನಿನ್ನ ಮಾವನ ಹಾಗೆ.

ಕಂಪನಿಯ ಮುಖ್ಯಸ್ಥ ಶ್ರೀಧರನ್ ಅವರು ಇಡೀ ದಾರಿಯನ್ನು ಏಳು ತುಂಡು ಮಾಡಿದರು. ನಮ್ಮದು ಕಾರವಾರದ ತುಂಡು. ಒಂದೊಂದಕ್ಕೆ ಒಬ್ಬ ಮುಖ್ಯ ಇಂಜಿನಿಯರ್, ಹೆಚ್ಚುಕಮ್ಮಿ ನೂರು ಕಿಮೀ. ಒಂದು ಮುಗಿದ ಮೇಲೆ ಇನ್ನೊಂದು ಅಂತ ಕಾಯಲಿಲ್ಲ, ಎಲ್ಲ ಕಡೆ ಒಟ್ಟಿಗೆ ಕೆಲಸ. 1993ರಲ್ಲೇ ಮಂಗಳೂರು-ಉಡುಪಿ ನಡುವೆ ರೈಲು ಓಡಿತು. ನಗುವವರ ಬಾಯಿ ಸ್ವಲ್ಪ ಮುಚ್ಚಿತು.

ನಮ್ಮ ಶರಾವತಿ ಸೇತುವೆ ಎರಡು ಕಿಮೀಗೂ ಜಾಸ್ತಿ. ಇಡೀ ಮಾರ್ಗದಲ್ಲಿ ಅಷ್ಟು ಉದ್ದದ ಸೇತುವೆ ಬೇರೆ ಇಲ್ಲ. ಎಲ್ಲರನ್ನೂ ಕಾಯಿಸುವುದು ಅದೇ ಅಂದುಕೊಂಡಿದ್ದೆವು. ಅಲ್ಲ. ಕಾಯಿಸಿದ್ದು ಗೋವಾದ ಪೆರ್ನೆಮ್ ಸುರಂಗ. ಉದ್ದ ಒಂದೂವರೆ ಕಿಮೀ ಚಿಲ್ಲರೆ, ಅಷ್ಟೇ. ಒಳಗೆ ಕಲ್ಲಲ್ಲ, ನೆನೆದ ಮಣ್ಣು. ಅಗೆದಷ್ಟೂ ಕುಸಿಯುವುದು. ಗಟ್ಟಿ ಕಲ್ಲಾದರೆ ಒಳ್ಳೆ ಯಂತ್ರ ತಂದು ಬೇಗ ಕೊರೆಯಬಹುದು. ಮೆತ್ತನೆ ಮಣ್ಣು ದುಡ್ಡಿಗೆ ಬಗ್ಗುವುದಿಲ್ಲ. ಗೋವಾದಲ್ಲಿ ದಾರಿ ಎಲ್ಲಿ ಹೋಗಬೇಕು ಅನ್ನುವ ಗಲಾಟೆಯೂ ಕಾಲ ತಿಂದಿತು, ಅದು ಬೇರೆ ಕತೆ. ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿ 26ಕ್ಕೆ.

ಈಗ ನಿನ್ನ ನೋಟ್‌ಬುಕ್ ನೋಡು. ಶೆಡ್, ಗ್ರೈಂಡರ್, ಲೇಬಲ್. ಇವೆಲ್ಲ ಶರಾವತಿ ಸೇತುವೆ. ಕಣ್ಣಿಗೆ ದೊಡ್ಡದು, ಆದರೆ ದುಡ್ಡು ಕೊಟ್ಟರೆ ಆಗುತ್ತದೆ. ನಿನ್ನ ಪೆರ್ನೆಮ್ ಯಾವುದು? ದುಡ್ಡು ಕೊಟ್ಟರೂ ಬೇಗ ಆಗದ್ದು ಯಾವುದು? ಅದನ್ನು ನೀನು ಬರೆದೇ ಇಲ್ಲ. ಮೊದಲು ಅದನ್ನು ಬರೆ. ಉಳಿದದ್ದನ್ನು ಅಲ್ಲಿಂದ ಹಿಂದಕ್ಕೆ ಎಣಿಸು.

ನನ್ನ ಹೆಂಡತಿ ಪಕ್ಕದಲ್ಲಿ ಕೂತು ಕೇಳುತ್ತಿದ್ದಾಳೆ, ಜೀರಿಗೆ ಮಿಡಿ, ಅಂದರೆ ಜೀರಿಗೆ ಪರಿಮಳದ ಮಿಡಿ, ಇದೆಯಾ ಅಂತ.

ಸಿದ್ದಾಪುರದ ಅಕ್ಕ:

ಹೊನ್ನಾವರದ ಅಣ್ಣ ಕೇಳಿದ್ದಕ್ಕೆ ನಾನು ಉತ್ತರ ಹೇಳುತ್ತೇನೆ. ನಿನ್ನ ಪೆರ್ನೆಮ್ ಮಿಡಿ.

ಹನ್ನೊಂದು ವರ್ಷದಿಂದ ನನ್ನದೂ ಇದೇ ಕೆಲಸ. ನನ್ನ ಕೈಯಲ್ಲಿ ಒಂದು ಕೆಜಿ ಉಪ್ಪಿನಕಾಯಿಗೆ ಸುಮಾರು 70 ಮಿಡಿ ಹೋಗುತ್ತದೆ. ನಿನ್ನ 180 ಕೆಜಿಗೆ 12,600 ಆಯಿತು. ಎರಡು ಮೂರು ಮರದಲ್ಲಿ ಮುಗಿಯಿತು, ಗೊತ್ತೇ ಆಗಿರುವುದಿಲ್ಲ. 5 ಟನ್‌ಗೆ? ಮೂರೂವರೆ ಲಕ್ಷ ಮಿಡಿ. ಹೊಳೆ ದಂಡೆಯ ದೊಡ್ಡ ಮರ ಒಳ್ಳೆ ವರ್ಷದಲ್ಲಿ ಹತ್ತು ಸಾವಿರ ಕೊಟ್ಟಿತು ಅಂತಲೇ ಇಟ್ಟುಕೋ, 35 ಮರ ಬೇಕು. ಈ ವರ್ಷ ಕಾಯಿ ಬಿಟ್ಟ ಮರ ಮುಂದಿನ ವರ್ಷ ಸುಮ್ಮನೆ ನಿಲ್ಲುತ್ತದೆ. ಹಾಗಾಗಿ 70 ಮರದ ಗುರುತು ಇರಬೇಕು. ನೂರಕ್ಕೆ 300 ರೂಪಾಯಿ ಹಿಡಿದರೂ ಬರೀ ಮಿಡಿಗೆ ಹತ್ತೂವರೆ ಲಕ್ಷ. ಅದೂ ಐದಾರು ವಾರದ ಒಳಗೆ, ಕೈಯಲ್ಲಿ ನಗದು. ಮಿಡಿ ಕಾಯುವುದಿಲ್ಲ, ಗೊರಟು ಗಟ್ಟಿಯಾದರೆ ಮುಗಿಯಿತು.

ಮರ ಹತ್ತುವವರು ಇನ್ನೊಂದು ತಲೆಬಿಸಿ. ತೊಟ್ಟು ಸಮೇತ ಕೊಯ್ದು, ಚೀಲದಲ್ಲಿ ತುಂಬಿ, ಹಗ್ಗ ಕಟ್ಟಿ ಇಳಿಸಬೇಕು. ಬಡಿದು ಬೀಳಿಸಿದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ಹೀಗೆ ನಾಜೂಕಾಗಿ ಕೊಯ್ಯುವವರು ನಮ್ಮ ಸುತ್ತ ಮೂರೇ ಜನ. ಅದರಲ್ಲಿ ಒಬ್ಬನಿಗೆ ಈಗ ಮೊಣಕಾಲು ನೋವು.

ನನ್ನ ಕತೆ ಕೇಳು. ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯವರಿಗೆ 1,000 ಕೆಜಿ ಕೊಡುತ್ತೇನೆ ಅಂತ ನವೆಂಬರಿನಲ್ಲೇ ಒಪ್ಪಿಕೊಂಡೆ. ಮುಂಗಡವೂ ತಗೊಂಡೆ. ಜನವರಿಯಲ್ಲಿ ಮೋಡ ಮುಚ್ಚಿತು, ಜಿಗಿಹುಳ ಬಂತು, ಹೂವು ಕರಟಿ ಹೋಯಿತು. ಮಾತು ಕೊಟ್ಟಾಗಿದೆ, ಏನು ಮಾಡಲಿ? ಎಲ್ಲೆಲ್ಲಿಂದಲೋ ಮಿಡಿ ತರಿಸಿದೆ. ಪರಿಮಳವಿಲ್ಲ, ಸೊನೆಯಿಲ್ಲ, ಬರೀ ಹುಳಿ. ಎರಡೇ ತಿಂಗಳಿಗೆ ಮೆತ್ತಗಾಯಿತು. ಅರ್ಧಕ್ಕರ್ಧ ವಾಪಸ್ ಬಂತು. 60 ಸಾವಿರ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಎರಡು ವರ್ಷ ಯಾರಿಗೂ ಮುಖ ತೋರಿಸಲು ಆಗಲಿಲ್ಲ. ತಪ್ಪು ಅಂಗಡಿಯವರದ್ದಲ್ಲ. ಹೂವು ನೋಡುವ ಮೊದಲೇ ಕಾಯಿ ಮಾರಿದ್ದು ನಾನು.

ಈಗ ಜನವರಿ ಕೊನೆಗೆ ಮರ ಮರ ತಿರುಗಿ ಹೂವು ನೋಡುತ್ತೇನೆ. ಆಮೇಲೆ ಆರ್ಡರ್.

ನಿನ್ನ ಪ್ಲಾನಿನಲ್ಲಿ ಇನ್ನೊಂದು ತಪ್ಪಿದೆ. ಶೆಡ್ ಮೊದಲು ಯಾಕೆ? ಮಿಡಿ ಕೊಯ್ದ ದಿನವೇ ಉಪ್ಪಿಗೆ ಬೀಳಬೇಕು, ಅದಷ್ಟೇ ಅವಸರದ ಕೆಲಸ. ನಾನು ಐದು ಪಾತ್ರೆ ಮಿಡಿಗೆ ಒಂದು ಪಾತ್ರೆ ಹರಳುಪ್ಪು ಹಾಕುತ್ತೇನೆ, ಗೋಕರ್ಣ ಹತ್ತಿರದ ಸಾಣಿಕಟ್ಟದ್ದು. ಚೆನ್ನಾಗಿ ಚಿರುಟಿ ಉಪ್ಪುನೀರಿನಲ್ಲಿ ಮುಳುಗಿ ಕೂತ ಮಿಡಿ ವರ್ಷವಾದರೂ ಕೆಡುವುದಿಲ್ಲ. ಸಾಸಿವೆ ಮೆಣಸು ರುಬ್ಬುವುದನ್ನು ಬೇಕಾದಾಗ ಮಾಡಿಕೊಳ್ಳಬಹುದು, ತಿಂಗಳಿಗೆ ಎರಡು ಸಲ, ಈಗಿರುವ ಅಡುಗೆಮನೆಯಲ್ಲೇ. ನಿನಗೆ ಮೊದಲು ಬೇಕಾದ್ದು ದೊಡ್ಡ ಗ್ರೈಂಡರ್ ಅಲ್ಲ, ಡ್ರಮ್. ಕಾಯಿ ಜಾಸ್ತಿ ಬಿಟ್ಟ ವರ್ಷ ಉಪ್ಪಿನಲ್ಲಿ ಇಟ್ಟರೆ, ಬಿಡದ ವರ್ಷಕ್ಕೆ ಅದೇ ಗತಿ.

ಜೊತೆಗೆ ಕಸಿ ಗಿಡ ನೆಡು. ಕಾಯಿ ನೋಡಲು ನಾಲ್ಕೈದು ವರ್ಷ ಬೇಕು. ಇಂದು ನೆಟ್ಟರೂ ತಡವೇ. ಜಾತಿ ಬೆರೆಸಬೇಡ. ಗಿರಾಕಿ ಹೋದ ವರ್ಷದ ರುಚಿಯನ್ನೇ ಕೇಳುತ್ತಾರೆ. ಅನಂತಭಟ್ಟ ಅಪ್ಪೆ ತಿಂದವರಿಗೆ ಬೇರೆ ಕೊಟ್ಟು ನೋಡು, ಫೋನ್ ಬರುತ್ತದೆ.

ಪ್ರತಿ ವರ್ಷ ಹೆಚ್ಚುಕಮ್ಮಿ ಎರಡು ಪಟ್ಟು ಅಂತ ನೀನು ಏಣಿ ಬರೆದೆ ನೋಡು, ಮರಕ್ಕೆ ಆ ಏಣಿ ಗೊತ್ತಿಲ್ಲ ಮಾರಾಯ್ತಿ.

ಮೇಷ್ಟ್ರು, ಕಾರವಾರ:

"ದೊಡ್ಡ ಗುರಿ ತಪ್ಪಾ" ಅಂತ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ತಪ್ಪಲ್ಲ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನೇ ದಶಕಗಟ್ಟಲೆ ನೋಡಿದರು. "ಕೈಲಾದಷ್ಟು ಮಾಡು" ಅಂದವರಿಗಿಂತ, ಕಷ್ಟದ ಆದರೆ ಸ್ಪಷ್ಟವಾದ ಗುರಿ ಕೊಟ್ಟವರು ಜಾಸ್ತಿ ಮಾಡುತ್ತಾರೆ. ಆದರೆ ಕೆಲಸ ಮಾಡುವ ದಾರಿಯೇ ಇನ್ನೂ ಗೊತ್ತಿಲ್ಲದಾಗ, "ಇಷ್ಟು ಕೆಜಿ" ಅನ್ನುವ ಗುರಿಗಿಂತ "ಇಷ್ಟು ಕಲಿಯುತ್ತೇನೆ" ಅನ್ನುವುದೇ ಮೇಲು ಅಂತಲೂ ಕಂಡುಬಂತು.

ಇನ್ನೊಂದು, ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವುದು. 1994ರ ಒಂದು ಕೆನಡಾ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಪ್ರಬಂಧ ಎಷ್ಟು ದಿನಕ್ಕೆ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಹಿಡಿದದ್ದು 55. ಎಲ್ಲವೂ ಕೆಟ್ಟರೆ ಎಷ್ಟು ಅಂತ ಕೇಳಿದಾಗ ಅವರೇ ಹೇಳಿದ ದಿನವನ್ನೂ ಅದು ದಾಟಿತ್ತು. ನನ್ನ ವಿದ್ಯಾರ್ಥಿಗಳು ಕೇಳಿ ನಗುತ್ತಾರೆ. ಆಮೇಲೆ ಅವರೂ ತಡವಾಗಿಯೇ ತರುತ್ತಾರೆ.

ಮಿಡಿಗಾಯಿ, ಶಿರಸಿ:

ಎಲ್ಲರಿಗೂ ಉಪಕಾರ ಆಯಿತು. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿ, ಅದಕ್ಕೆ ನಾಲ್ಕು ದಿನ ತಡ.

ಸಿದ್ದಾಪುರದ ಅಕ್ಕನ ಮಾತು ಓದಿದ ಮೇಲೆ ಶೆಡ್ಡಿನ ಹಾಳೆ ಮಡಚಿಟ್ಟೆ. ಹೊಸ ಹಾಳೆಯಲ್ಲಿ ಮರದ ಪಟ್ಟಿ ಮಾಡಲು ಕೂತೆ. ನನಗೆ ನೆನಪಾದದ್ದು ಒಂಬತ್ತು. ಮಾವ ಕವಳ ಹಾಕುತ್ತಾ ಜಗುಲಿಯಲ್ಲಿ ಕೂತಿದ್ದರು. ನಾನು ಓದುವುದನ್ನು ಕೇಳಿ, "ಹೊಳೆ ಆಚೆದು ಬಿಟ್ಟೆ" ಅಂದರು. ಆಮೇಲೆ ಒಂದೊಂದೇ ಹೇಳುತ್ತಾ ಹೋದರು. ಯಾರ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ), ಯಾವ ಜಾತಿ, ಹೋದ ವರ್ಷ ಕಾಯಿ ಬಿಟ್ಟಿತ್ತೋ ಇಲ್ಲವೋ. 23 ಮರ ಆಯಿತು. ಅದರಲ್ಲಿ ಹೋದ ವರ್ಷ ಸುಮ್ಮನಿದ್ದ ಹತ್ತರಲ್ಲಿ ಈ ಸಲ ಕಾಯಿ ಆಗಬಹುದು ಅಂತ ಅವರ ಲೆಕ್ಕ. ಹೂವು ಬರುವ ತನಕ ನಂಬುವುದಿಲ್ಲ, ಅಕ್ಕಾ.

ಮರಕ್ಕೆ ಹತ್ತು ಸಾವಿರ ಹಿಡಿಯುವ ಧೈರ್ಯ ನನಗಿಲ್ಲ. ಐದು ಸಾವಿರ ಹಿಡಿದೆ. 50 ಸಾವಿರ ಮಿಡಿ. ಆದರೆ ಮಾತು ಕೊಡುವುದು 400 ಕೆಜಿಗೆ ಮಾತ್ರ, ಅಂದರೆ 28 ಸಾವಿರ ಮಿಡಿ. ಉಳಿದ 22 ಸಾವಿರ ಉಪ್ಪುನೀರಿನಲ್ಲಿ ಕೂರುತ್ತದೆ, ಮುಂದಿನ ವರ್ಷಕ್ಕೆ. ಮಿಡಿಗೆ ಒಂದೂವರೆ ಲಕ್ಷ ಬೇಕು. ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ತೆಗೆದಿಡೋಣ ಅಂತ ನಮ್ಮನೆಯವರು ಹೇಳಿದರು. ಈ ಸಲ ಕೊಟ್ಟಿಗೆಗೆ ಹೋಗಲಿಲ್ಲ. ಬ್ಯಾಂಕ್ ಸಾಲ ಈಗ ಬೇಡ. ಮಳೆ ಶುರುವಾದ ಕೂಡಲೇ ಮನೆ ಹಿಂದೆ 40 ಕಸಿ ಗಿಡ.

5 ಟನ್ ಅಳಿಸಿಲ್ಲ. ಐದು ವರ್ಷ ಅನ್ನುವುದನ್ನು ಏಳು ಮಾಡಿದೆ, ಗಿಡ ಕಾಯಿ ಬಿಡಬೇಕಲ್ಲ. ಮೇಷ್ಟ್ರ ಲೆಕ್ಕದಲ್ಲಿ ಅದೂ ಸಾಲದೇನೋ.

ಹೊನ್ನಾವರದ ಅಣ್ಣ, ಅತ್ತಿಗೆಗೆ ಹೇಳಿ, ಜೀರಿಗೆ ಮಿಡಿ ಒಂದು ಸಣ್ಣ ಭರಣಿ ಇದೆ, ಮಾರುವುದಿಲ್ಲ, ಆದರೆ ಕಳಿಸುತ್ತೇನೆ.

ಈಗ ಒಂದೇ ಪ್ರಶ್ನೆ. 200 ಲೀಟರಿನ ಡ್ರಮ್ ಐದು ಬೇಕು. ತಿನ್ನುವ ಪದಾರ್ಥ ತುಂಬಲು ಆಗುವಂಥದ್ದು, ಮುಚ್ಚಳ ಬಿಗಿಯಾಗಿರಬೇಕು. ಶಿರಸಿ ಪೇಟೆಯಲ್ಲಿ ಕೇಳಿದರೆ ಮೊದಲು ಬಣ್ಣವೋ ಔಷಧಿಯೋ ತುಂಬಿದ್ದ ಹಳೇದನ್ನೇ ತೋರಿಸುತ್ತಾರೆ. ಹೊಸದು ಹುಬ್ಬಳ್ಳಿಗೇ ಹೋಗಿ ತರಬೇಕಾ, ಕುಮಟಾ ಕಡೆ ಎಲ್ಲಾದರೂ ಸಿಗುತ್ತದಾ?