ಕಯಾಕಿನಿಂದ ಯೆಲ್ಲೋಟೇಲ್ ಹಿಡಿಯಲು ಜೀವಂತ ಮೀನನ್ನು ಗಾಳಕ್ಕೆ ಚುಚ್ಚುವುದು ಹೇಗೆ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿರುವ ಮಗಳ ಮನೆಗೆ ಹೋಗುವವನಿದ್ದೇನೆ. ಅಳಿಯಂದಿರ ಬಳಿ ಎರಡು ಕಯಾಕ್‌ಗಳಿದ್ದು (ಹುಟ್ಟು ಹಾಕಿ ನಡೆಸುವ ಕಿರುದೋಣಿ), ಅಲ್ಲಿನ ಲಾ ಹೋಯಾ ಕಡಲತೀರದ ಕಡಲಪಾಚಿಯ ಅಂಚಿನಲ್ಲಿ ಯೆಲ್ಲೋಟೇಲ್ ಎಂಬ ದೊಡ್ಡ ಕಡಲಮೀನನ್ನು ಹಿಡಿಯೋಣವೆಂದು ಕರೆದಿದ್ದಾರೆ. ಗೊರೂರಿನ ಹಿನ್ನೀರಿನಲ್ಲಿ ಕೊರವ ಮೀನಿಗಾಗಿ ಸಣ್ಣ ಮೀನಿನ ಬೆನ್ನಿಗೆ ಕೊಕ್ಕೆ ಚುಚ್ಚಿ, ಬೆಂಡು ಕಟ್ಟಿ ಬಿಡುವುದು ನನಗೆ ಚಿಕ್ಕಂದಿನಿಂದ ರೂಢಿ. ಆದರೆ ಅಳಿಯಂದಿರು ಕಳೆದ ಬೇಸಿಗೆಯಲ್ಲಿ ಇದೇ ರೀತಿ ಚುಚ್ಚಿ, ಕಯಾಕನ್ನು ನಡೆಸುತ್ತಾ ಎಳೆದಾಗ ಎರೆಯಾಗಿ ಚುಚ್ಚಿದ್ದ ಮ್ಯಾಕೆರೆಲ್ ಮೀನು ಬೇಗನೆ ಸತ್ತು, ತಂಗೂಸಿಯೆಲ್ಲ ತಿರುಚಿಕೊಂಡು ಹೋಯಿತಂತೆ. ತಪ್ಪಿದ್ದೆಲ್ಲಿ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಚಿಕ್ಕಮಗಳೂರಿನಿಂದ)

ಹಿರಿಯರೇ, ಉದ್ಯೋಗದ ನಿಮಿತ್ತ ನಾನು ಕೆಲವು ವರ್ಷ ಅಲ್ಲಿದ್ದು, ಅದೇ ನೀರಿನಲ್ಲಿ ಗಾಳ ಹಾಕಿದ್ದೇನೆ. ಬೆನ್ನಿಗೆ ಚುಚ್ಚುವ ಪದ್ಧತಿ ತಪ್ಪಲ್ಲ. ಅದು ನಿಂತ ದೋಣಿಗೆ ಹೊಂದುವ ಪದ್ಧತಿ. ಕಯಾಕ್ ಮುಂದೆ ಸಾಗುತ್ತಿರುವಾಗ ಬೆನ್ನಿಗೆ ಚುಚ್ಚಿದ ಮೀನು ಅಡ್ಡಡ್ಡವಾಗಿ ಎಳೆಯಲ್ಪಟ್ಟು ಬುಗುರಿಯಂತೆ ತಿರುಗುವುದರಿಂದ ತಂಗೂಸಿ ತಿರುಚಿಕೊಳ್ಳುತ್ತದೆ, ಕಿವಿರಿನ ಮೂಲಕ ನೀರು ಸರಿಯಾಗಿ ಹರಿಯದೆ ಮೀನೂ ಸಾಯುತ್ತದೆ. ಮೂಗಿನ ಎರಡು ಹೊಳ್ಳೆಗಳ ನಡುವೆ ಅಡ್ಡಲಾಗಿ ಕೊಕ್ಕೆ ಹಾಯಿಸಿದರೆ ಮೀನು ತಲೆ ಮುಂದಾಗಿ ಸಹಜವಾಗಿ ಈಜುತ್ತದೆ. ದೊಡ್ಡ ಮೀನುಗಳು ಬೇಟೆಯನ್ನು ಸಾಮಾನ್ಯವಾಗಿ ತಲೆಯ ಕಡೆಯಿಂದಲೇ ನುಂಗುವುದರಿಂದ ಕೊಕ್ಕೆ ಇರಬೇಕಾದಲ್ಲಿಯೇ ಇರುತ್ತದೆ.

ನಮ್ಮ ಬಂಗುಡೆಯ ಸಂಬಂಧಿಯಾದ ಅಲ್ಲಿನ ಮ್ಯಾಕೆರೆಲ್‌ಗೆ 2/0ರಿಂದ 4/0 ಅಳತೆಯ ಕೊಕ್ಕೆ ಸಾಕು; ಸಾರ್ಡೀನ್ ಆದರೆ ಇನ್ನೂ ಚಿಕ್ಕದು ಬೇಕು. ಭಾರವಾದ ಕೊಕ್ಕೆ ಎರೆಮೀನನ್ನು ದಣಿಸುತ್ತದೆ. ತಂಗೂಸಿ 30ರಿಂದ 40 ಪೌಂಡ್ ಭಾರ ತಾಳುವಂಥದಾಗಿರಲಿ, ಏಕೆಂದರೆ ಕಚ್ಚಿದ ಯೆಲ್ಲೋಟೇಲ್ ನೇರವಾಗಿ ಕಡಲಪಾಚಿಯೊಳಗೆ ನುಗ್ಗುತ್ತದೆ. ಮೊದಲ ಓಟದಲ್ಲಿಯೇ ತಡೆಯದಿದ್ದರೆ ಮೀನು ಕೈತಪ್ಪಿದಂತೆಯೇ. ಮೀನು ಆಳದಲ್ಲಿದೆಯೆಂದು ಕಂಡರೆ ಮಾತ್ರ ಕೊಕ್ಕೆಯಿಂದ ಒಂದೆರಡು ಮಾರು ಮೇಲೆ ಜಾರುವ ಸೀಸದ ಗುಂಡನ್ನು ಸೇರಿಸಿ.

ಉತ್ತರ 2 (ಸಕಲೇಶಪುರದಿಂದ)

ಮೇಲಿನವರು ಹೇಳಿದ್ದು ಸರಿ. ನಾನು ಹೇಮಾವತಿಯಲ್ಲಿ ಕಂಡದ್ದನ್ನು ಸೇರಿಸುತ್ತೇನೆ. ಎರೆಮೀನನ್ನು ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಅದು ಬೇಗ ಸೊರಗುತ್ತದೆ, ಆದ್ದರಿಂದ ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು. ಕೊರವ ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು, ಬಕೆಟ್‌ನಲ್ಲಿಟ್ಟರೂ ಬದುಕುತ್ತದೆ. ಬಂಗುಡೆಯ ಜಾತಿಗೆ ಅಂತಹ ಅನುಕೂಲವಿಲ್ಲ. ನಿರಂತರವಾಗಿ ಈಜುತ್ತಿದ್ದರೆ ಮಾತ್ರ ಅದರ ಕಿವಿರಿಗೆ ಉಸಿರು. ಹೀಗಾಗಿ ನೀರು ಸದಾ ಹೊಸದಾಗುವಂತೆ ಪಂಪ್ ಇರುವ, ಮೂಲೆಗಳಿಲ್ಲದ ದುಂಡನೆಯ ತೊಟ್ಟಿ ಬೇಕು, ಅದರಲ್ಲಿ ಮೀನುಗಳನ್ನು ಕಿಕ್ಕಿರಿಸಬಾರದು.

ಪ್ರಶ್ನೆ ಕೇಳಿದವರು

ತುಂಬು ಹೃದಯದ ಧನ್ಯವಾದಗಳು. ಮೀನು ಕಚ್ಚಿದ ಕೂಡಲೇ ಎಳೆಯಬೇಕೇ, ನುಂಗಲು ಬಿಡಬೇಕೇ?

ಉತ್ತರ 1

ಬಿಡಬೇಕು. ರೀಲನ್ನು ತಡೆಯಿಲ್ಲದೆ ಸಡಿಲವಾಗಿಟ್ಟು, ತಂಗೂಸಿ ಸರ್ರನೆ ಓಡಲಾರಂಭಿಸಿದಾಗ ನಿಧಾನವಾಗಿ ಮೂರರಿಂದ ಐದು ಎಣಿಕೆಯಷ್ಟು ಹೊತ್ತು ಕಾಯ್ದು ಆಮೇಲೆ ಬಿಗಿ ಮಾಡಿ. ವೃತ್ತಾಕಾರದ ಕೊಕ್ಕೆಯಾದರೆ ಜಗ್ಗಲೇಬಾರದು, ತಂಗೂಸಿ ಬಿಗಿಯಾಗುತ್ತಿದ್ದಂತೆ ಅದು ತಾನೇ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ. ಕೆರೆಯಲ್ಲಿ ಕಲಿತ ನಮ್ಮ ಕೈ ತಾನಾಗಿಯೇ ಜಗ್ಗಿಬಿಡುತ್ತದೆ, ನನಗೆ ಅದನ್ನು ಬಿಡಲು ಒಂದು ಇಡೀ ಬೇಸಿಗೆ ಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದವರಿಗೆ ಮೀನುಗಾರಿಕೆಯ ಪರವಾನಗಿ ಕಡ್ಡಾಯ. ಯೆಲ್ಲೋಟೇಲ್ ದಿನಕ್ಕೆ ಒಬ್ಬರಿಗೆ 10 ಮಾತ್ರ, ಅದರಲ್ಲಿಯೂ 24 ಅಂಗುಲಕ್ಕಿಂತ ಚಿಕ್ಕವು 5ನ್ನು ಮೀರುವಂತಿಲ್ಲ. ಲಾ ಹೋಯಾ ದಡಕ್ಕೆ ಹೊಂದಿಕೊಂಡೇ ಸಂರಕ್ಷಿತ ವಲಯವಿದ್ದು, ಅಲ್ಲಿ ಎರೆಮೀನನ್ನೂ ಹಿಡಿಯಬಾರದು. ಆದ್ದರಿಂದ ಅದರ ಗಡಿ ದಾಟಿದ ಮೇಲೆಯೇ ಮ್ಯಾಕೆರೆಲ್‌ಗೆ ಗಾಳ ಬಿಡಿ. ಜೀವರಕ್ಷಕ ಅಂಗಿಯನ್ನು ದಡದಲ್ಲಿಯೇ ತೊಟ್ಟುಕೊಂಡು ಹೊರಡಿ, ಅಲೆ ಒಡೆಯುವ ಜಾಗವನ್ನು ದಾಟುವಾಗಲೇ ಕಯಾಕ್ ಮಗುಚುವುದು ಹೆಚ್ಚು.