ಸಹಾಯ ಬೇಕು: ನಾಲ್ಕೇ ದಿನ ಶಿಕಾಗೊ, ನಿದ್ದೆ ಹೊಂದಿಸೋದು ಹೇಗೆ?

ನಮಸ್ಕಾರ ರೀ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುತ್ತೇನೆ. ಮುಂದಿನ ವಾರ ನಾಲ್ಕು ದಿನಕ್ಕೆ ಶಿಕಾಗೊಗೆ ಹೋಗಬೇಕು. ಈಗ ಅಲ್ಲಿ ಬೇಸಿಗೆ, ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ.

ಹೋದ ಸಲ ರಾತ್ರಿ 2ಕ್ಕೇ ಎಚ್ಚರ. ಹೋಟೆಲ್ ಮಂಚದ ಮೇಲೆ ಕೂತು, ಗಿರಾಕಿಗೆ ಅಂತ ಒಯ್ದಿದ್ದ ಕುಂದಾ ಡಬ್ಬಿ ನಾನೇ ಅರ್ಧ ಖಾಲಿ ಮಾಡಿದೆ! ಮಧ್ಯಾಹ್ನ 3ರ ಮೀಟಿಂಗಿನಲ್ಲಿ ತೂಕಡಿಕೆ. ನಮ್ಮೂರಲ್ಲಿ ಆಗ ನಡುರಾತ್ರಿ ಒಂದೂವರೆ, ಕಣ್ಣು ಮುಚ್ಚದೆ ಇನ್ನೇನು?

ಮೈ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದಂತೆ. ಅಷ್ಟರಲ್ಲಿ ವಾಪಸ್ ಬಂದಿರುತ್ತೇನೆ, ಅಲ್ವಾ? ಹಾಗಾದರೆ ಅಲ್ಲಿಯ ಟೈಮಿಗೆ ಒಗ್ಗಿಕೊಳ್ಳಬೇಕಾ, ಸುಮ್ನೆ ನಮ್ಮ ಟೈಮನ್ನೇ ಹಿಡಿಯಬೇಕಾ? ಬೆಳಿಗ್ಗೆ 9ರ ಮೀಟಿಂಗ್ ನಮಗೆ ಸಂಜೆ ಏಳೂವರೆ, ಅದೇನೋ ನಡೆಯುತ್ತದೆ. ಮಧ್ಯಾಹ್ನದ್ದೇ ತ್ರಾಸು. ಊಟದ ನಂತರ ಇಪ್ಪತ್ತು ನಿಮಿಷ ಮಲಗಿದರೆ ಸಾಕಾ? ನಿದ್ದೆಗೆ ತಗೊಳ್ಳುವ ಮೆಲಟೋನಿನ್ ಮಾತ್ರೆ ಬಗ್ಗೆ ಡಾಕ್ಟರನ್ನೇ ಕೇಳುತ್ತೇನೆ. ಇಂಥ ಓಡಾಟ ಮಾಡಿದವರು ದಯವಿಟ್ಟು ಹೇಳಿ ರೀ.